ಮಂಟಪ ಮುಳುಗ್ತಾ? ಡ್ಯಾಮ್ ಎಷ್ಟಾಯ್ತು?

ಆಗಸ್ಟ್ ಬಂತು ಅಂದ್ರೆ ನಮ್ಮನೆ ಫೋನಿನಲ್ಲಿ ಎರಡೇ ಪ್ರಶ್ನೆ. ಶಿವಮೊಗ್ಗಕ್ಕೆ ಫೋನ್ ಮಾಡಿದರೆ "ಮಂಟಪ ಮುಳುಗ್ತಾ?" ಭದ್ರಾವತಿಯ ದೊಡ್ಡಪ್ಪನಿಗೆ ಮಾಡಿದರೆ "ಡ್ಯಾಮ್ ಎಷ್ಟಾಯ್ತು?" ಎರಡೂ ಊರುಗಳ ನಡುವೆ ಇರೋದು ಸುಮಾರು ಇಪ್ಪತ್ತು ಕಿಲೋಮೀಟರು. ಆದ್ರೂ ಮಳೆಯ ಬಗ್ಗೆ ಕೇಳುವ ಪ್ರಶ್ನೆ ಮಾತ್ರ ಬೇರೆ ಬೇರೆ. ಯಾಕೆ ಅಂತ ಚಿಕ್ಕಂದಿನಲ್ಲಿ ಯೋಚಿಸಿರಲಿಲ್ಲ. ಈಚೆಗೆ ಹವಾಮಾನ ಮುನ್ಸೂಚನೆಯ ಹಳೆಯ ಕತೆಗಳನ್ನು ಓದುತ್ತಾ ಕೂತಾಗ ಹೊಳೆಯಿತು.

ಮೊದಲು ಮಂಟಪದ ವಿಷಯ. ಶಿವಮೊಗ್ಗದ ಕೋರ್ಪಲಯ್ಯನ ಛತ್ರದ ಹತ್ತಿರ ತುಂಗೆಯೊಳಗೊಂದು ಕಲ್ಲಿನ ಮಂಟಪವಿದೆ. ಅದು ಮುಳುಗಿತು ಅಂದ್ರೆ ಹೊಳೆ ತುಂಬಿತು ಅಂತ ಲೆಕ್ಕ. ಜನ ಕೊಡೆ ಹಿಡಿದುಕೊಂಡು ನೋಡಲು ಹೋಗ್ತಾರೆ, ಬಾಗಿನ ಕೊಡ್ತಾರೆ. ಯಾವ ಇಲಾಖೆಯೂ ಕಟ್ಟದ, ಎಲ್ಲರೂ ನಂಬುವ ಮಳೆಮಾಪಕ ಅದು.

ಭದ್ರಾವತಿಯವರಿಗೆ ಅಂಥ ಮಂಟಪ ಬೇಡ, 186 ಅನ್ನೋ ಒಂದು ಸಂಖ್ಯೆ ಸಾಕು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯ ಗರಿಷ್ಠ ಮಟ್ಟ 186 ಅಡಿ. ಬೆಳಿಗ್ಗೆ ಪೇಪರಿನಲ್ಲಿ ಉಳಿದ ಸುದ್ದಿಗಿಂತ ಮೊದಲು ಆ ಅಂಕಿಯನ್ನು ಹುಡುಕುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ತುಂಗೆ, ಭದ್ರೆ ಇಬ್ಬರೂ ಹುಟ್ಟುವುದು ಗಂಗಾಮೂಲದಲ್ಲಿ, ಸೇರುವುದು ಕೂಡ್ಲಿಯಲ್ಲಿ. ಆದರೆ ದಾರಿಯಲ್ಲಿ ಸ್ವಭಾವ ಬದಲಾಗುತ್ತದೆ. ಗಾಜನೂರಿನ ಅಣೆಕಟ್ಟೆಯಲ್ಲಿ ಹಿಡಿಯುವ ನೀರು ಮೂರು ಟಿಎಂಸಿ ಚಿಲ್ಲರೆ. ಶೃಂಗೇರಿ, ತೀರ್ಥಹಳ್ಳಿ ಕಡೆ ಹೊಯ್ದ ಮಳೆಯನ್ನು ಅದು ಬಹಳ ಹೊತ್ತು ತಡೆದು ಇಟ್ಟುಕೊಳ್ಳಲಾರದು. ಭದ್ರೆಗೆ ಹಾಗಲ್ಲ, ಲಕ್ಕವಳ್ಳಿಯ ಜಲಾಶಯ 71.5 ಟಿಎಂಸಿಯದ್ದು. ಜೂನ್, ಜುಲೈ ಮಳೆಯನ್ನೆಲ್ಲ ಅದು ನುಂಗುತ್ತದೆ. ಹೊಟ್ಟೆ ತುಂಬಿದ ಮೇಲೆ ಬರುವ ಮಳೆ ಮಾತ್ರ ಭದ್ರಾವತಿಗೆ ಬರುತ್ತದೆ. ಹಾಗಾಗಿ ಶಿವಮೊಗ್ಗದ ಭಯ ಜುಲೈಯಲ್ಲೇ ಶುರುವಾದರೆ, ಭದ್ರಾವತಿಯ ಭಯ ಸಾಮಾನ್ಯವಾಗಿ ಮಳೆಗಾಲದ ಎರಡನೇ ಅರ್ಧದ್ದು. ಗೇಟು ಎತ್ತಿ ಹೆಚ್ಚು ನೀರು ಬಿಟ್ಟಾಗ ಹೊಸ ಸೇತುವೆ ಮುಳುಗುತ್ತದೆ (ಹಳೇದು ಮುಳುಗಲ್ಲ, ಹೊಸದು ಮುಳುಗುತ್ತೆ! ಇದು ಅಲ್ಲಿನವರ ಹಳೇ ಜೋಕು), ಕವಲಗುಂದಿಯವರು ಸಾಮಾನು ಕಟ್ಟುತ್ತಾರೆ.

ಹಾಗಾದ್ರೆ ಆಗಸ್ಟ್, ಸೆಪ್ಟೆಂಬರಿನ ಮಳೆ ಹೇಗಿರುತ್ತೆ ಅಂತ ಮೊದಲೇ ತಿಳಿಯೋದು ಹೇಗೆ?

ನಮ್ಮ ಅಜ್ಜಿಗೆ ಪಂಚಾಂಗ ಸಾಕಿತ್ತು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರ್ತಾನೆ, ಆ ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ಆಗಸ್ಟ್ 3ರ ಸುಮಾರಿಗೆ ಆಶ್ಲೇಷ, 17ರ ಹೊತ್ತಿಗೆ ಮಘೆ, ತಿಂಗಳ ಕೊನೆಗೆ ಹುಬ್ಬೆ, ಸೆಪ್ಟೆಂಬರ್ ಮಧ್ಯದಲ್ಲಿ ಉತ್ತರೆ. "ಆಶ್ಲೇಷ ಮಳೆ ಈಸಲಾರದ ಹೊಳೆ" ಅಂತ ಗಾದೆ. "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು" ಅಂತ ಇನ್ನೊಂದು. ಇವನ್ನು ಮುನ್ಸೂಚನೆ ಅನ್ನೋದಕ್ಕಿಂತ ನೆನಪು ಅನ್ನೋದು ಸರಿ. ನೂರಾರು ವರ್ಷ ಕಂಡ ಮಳೆಯ ಸರಾಸರಿಯನ್ನು ಒಂದು ಸಾಲಿನಲ್ಲಿ ಕಟ್ಟಿಟ್ಟಿದ್ದಾರೆ. ಈ ವರ್ಷ ಏನು ಅಂತ ಕೇಳಿದರೆ ಗಾದೆ ಸುಮ್ಮನಾಗುತ್ತದೆ.

ಸರ್ಕಾರ ಆ ಪ್ರಶ್ನೆ ಕೇಳಲು ಶುರುಮಾಡಿದ್ದು ಸಾವುಗಳನ್ನು ನೋಡಿದ ಮೇಲೆ. 1864ರಲ್ಲಿ ಕಲ್ಕತ್ತೆಗೆ ಚಂಡಮಾರುತ ಹೊಡೆಯಿತು, 1866 ಮತ್ತು 1871ರಲ್ಲಿ ಮಳೆ ಕೈಕೊಟ್ಟಿತು. 1875ರಲ್ಲಿ ಭಾರತ ಹವಾಮಾನ ಇಲಾಖೆ ಹುಟ್ಟಿತು. ಮರುವರ್ಷವೇ ನಮ್ಮಲ್ಲಿ ಧಾತು-ಈಶ್ವರ ಸಂವತ್ಸರಗಳ ಬರ. 1871ರಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ನಲವತ್ತೆರಡು ಲಕ್ಷದ ಆಸುಪಾಸಿಗೆ ಇಳಿದಿತ್ತು. ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್ ಹಿಮಾಲಯದ ಹಿಮ ನೋಡಿ ಮಳೆಗಾಲದ ಮೊದಲ ಅಧಿಕೃತ ಮುನ್ಸೂಚನೆ ಕೊಟ್ಟದ್ದು 1886ರಲ್ಲಿ. 1904ರಲ್ಲಿ ಬಂದ ಗಣಿತಜ್ಞ ಗಿಲ್ಬರ್ಟ್ ವಾಕರ್ ಪ್ರಪಂಚದ ಬೇರೆ ಬೇರೆ ಕಡೆಯ ಗಾಳಿಯೊತ್ತಡದ ಲೆಕ್ಕ ಹಿಡಿದು, ಪೆಸಿಫಿಕ್ ಸಾಗರಕ್ಕೂ ನಮ್ಮ ಮಳೆಗೂ ನಂಟಿದೆ ಅಂತ ಕಂಡುಕೊಂಡ. ನಾವು ಇವತ್ತು ಎಲ್ ನಿನೋ ಅಂತ ಮಾತಾಡೋದರ ಹಿಂದೆ ಅವನ ಈ ಲೆಕ್ಕವೂ ಇದೆ.

ಮೈಸೂರು ಸಂಸ್ಥಾನವೂ ಹಿಂದೆ ಬೀಳಲಿಲ್ಲ. 1890ರ ದಶಕದಲ್ಲಿ ಬೆಂಗಳೂರು ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅವರ ಉಸ್ತುವಾರಿಯಲ್ಲಿ ನಾಲ್ಕು ವೀಕ್ಷಣಾಲಯಗಳಿದ್ದವು: ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗ. ಪಟ್ಟಿ ಓದಿ ನಗು ಬಂತು. ಮಳೆ ಹುಯ್ಯುವ ನಮ್ಮ ಘಟ್ಟದ ಊರು ಒಂದೂ ಇಲ್ಲ! ಆಗುಂಬೆಯಲ್ಲಿ 1946ರ ಆಗಸ್ಟ್ ಒಂದೇ ತಿಂಗಳಲ್ಲಿ ದಾಖಲಾದ ಮಳೆ 4508 ಮಿಲಿಮೀಟರ್. ಶಿವಮೊಗ್ಗ ಪೇಟೆಯಲ್ಲಿ ವರ್ಷವಿಡೀ ಬೀಳುವ ಮಳೆ ಅದರ ಮೂರನೇ ಒಂದು ಭಾಗವೂ ಇಲ್ಲ. ಪೇಟೆಯಲ್ಲಿ ಬಿಸಿಲಿದ್ದರೂ ಮಂಟಪ ಮುಳುಗುವುದು ಇದರಿಂದಲೇ.

ಈಗ ಹವಾಮಾನ ಇಲಾಖೆ ಜುಲೈ ಕೊನೆಗೆ ಆಗಸ್ಟ್-ಸೆಪ್ಟೆಂಬರ್ ಮಳೆಯ ಬಗ್ಗೆ ಪ್ರತ್ಯೇಕ ಮುನ್ಸೂಚನೆ ಕೊಡುತ್ತದೆ. 2019ರಲ್ಲಿ ಇಡೀ ದೇಶಕ್ಕೆ ವಾಡಿಕೆಯ ನೂರಕ್ಕೆ ನೂರು, ಎಂಟು ಹೆಚ್ಚುಕಡಿಮೆ ಅಂದರು. ಬಂದದ್ದು 130. ಆ ಆಗಸ್ಟ್ ಎರಡನೇ ವಾರ, ಸರಿಯಾಗಿ ಆಶ್ಲೇಷ ಮಳೆಯಲ್ಲಿ, ಶಿವಮೊಗ್ಗದ ಕುಂಬಾರಗುಂಡಿಯಂಥ ತಗ್ಗು ಪ್ರದೇಶದ ಮನೆಗಳಿಗೆ ತುಂಗೆ ನುಗ್ಗಿತು. ಗಾದೆ ಗೆದ್ದಿತು ಅನ್ನೋಣವೇ? 2023ಕ್ಕೆ ಬನ್ನಿ. ಅದೇ ಆಶ್ಲೇಷ, ಅದೇ ಮಘೆ. ದೇಶದಲ್ಲಿ ಆಗಸ್ಟ್ ಮಳೆ ಶೇಕಡಾ 36 ಕಡಿಮೆ, 1901ರಿಂದ ಈಚೆಗೆ ಅಷ್ಟು ಒಣ ಆಗಸ್ಟ್ ಇರಲಿಲ್ಲ. ಆ ತಿಂಗಳು ಮಳೆ ಕಡಿಮೆ ಅಂತ ಇಲಾಖೆ ಮೊದಲೇ ಹೇಳಿತ್ತು, ಇಷ್ಟು ಕಡಿಮೆ ಅಂತ ಹೇಳಿರಲಿಲ್ಲ. ಭದ್ರಾ ನಾಲೆಯ ನೀರಿಗಾಗಿ ದಾವಣಗೆರೆ ಕಡೆಯ ರೈತರು ರಸ್ತೆಗಿಳಿದರು. ಗಾದೆ ಆ ವರ್ಷ ಸೋತಿತು.

ದೊಡ್ಡಪ್ಪನ ಮನೆ ಹೊಳೆ ಹತ್ತಿರ, ಗದ್ದೆ ನಾಲೆಯ ಕೆಳಗೆ. ಒಮ್ಮೆ ಅವನು ಹೇಳಿದ್ದು ಮರೆಯಲ್ಲ: "ಡ್ಯಾಮ್ ನೂರೆಂಬತ್ತು ದಾಟಿದ್ ಮೇಲೆ ಖುಷಿನೂ ಆಗುತ್ತೆ ಮಾರಾಯಾ, ರಾತ್ರಿ ನಿದ್ದೆನೂ ಬರಲ್ಲ." ಡ್ಯಾಮ್ ನೋಡಿಕೊಳ್ಳುವವರ ಕಷ್ಟವೂ ಇದೇ. ಮುಂದಿನ ಮಳೆಗೆ ಜಾಗ ಬಿಡಬೇಕೋ, ಬೇಸಿಗೆ ಬೆಳೆಗೆ ನೀರು ಕೂಡಿಡಬೇಕೋ? ಸೆಪ್ಟೆಂಬರ್ ಹೇಗಿರುತ್ತೆ ಅಂತ ಗೊತ್ತಿಲ್ಲದೆ ಆಗಸ್ಟಿನಲ್ಲೇ ತೀರ್ಮಾನ ಮಾಡಬೇಕು. ಇಡೀ ದೇಶದ ಶೇಕಡಾವಾರು ಅಂಕಿ ಇಲ್ಲಿ ಸ್ವಲ್ಪ ದೂರ ಮಾತ್ರ ಕೈಹಿಡಿಯುತ್ತದೆ. ಬೇಕಾಗಿರೋದು ಘಟ್ಟದ ಮೇಲೆ ಇವತ್ತು ಬಿದ್ದ ಮಳೆ, ನಾಳೆ ಹೊಳೆ ಎಷ್ಟು ಅಡಿ ಏರುತ್ತೆ ಅನ್ನೋ ಲೆಕ್ಕ. 1988ರಲ್ಲಿ ಬರದ ನಿಗಾಕ್ಕೆಂದು ರಾಜ್ಯ ಶುರುಮಾಡಿದ ಕೇಂದ್ರವೇ ಮುಂದೆ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಕೂರಿಸಿತು. ಕುಕ್ ಸಾಹೇಬರ ಪಟ್ಟಿಯಲ್ಲಿ ಇಲ್ಲದ ಮಲೆನಾಡು ಕೊನೆಗೂ ಲೆಕ್ಕಕ್ಕೆ ಬಂತು. ಆ ಲೆಕ್ಕ ರಾತ್ರಿ ಹನ್ನೆರಡಕ್ಕೆ ಕವಲಗುಂದಿಯ ಮನೆಬಾಗಿಲಿಗೆ ತಲುಪಿದರೆ ಮಾತ್ರ ಸಾರ್ಥಕ.

ಅಲ್ಲಿಯವರೆಗೆ ನಾನಂತೂ ಜುಲೈ ಕೊನೆಯ ಮುನ್ಸೂಚನೆ ಓದ್ತೇನೆ, ಪಂಚಾಂಗವನ್ನೂ ತಿರುವಿ ಹಾಕ್ತೇನೆ, ಆಮೇಲೆ ಎರಡು ಫೋನ್ ಮಾಡ್ತೇನೆ.

ನಿಮ್ಮೂರಲ್ಲಿ ಹೊಳೆ ತುಂಬಿದ್ದಕ್ಕೆ ಗುರುತು ಯಾವುದು? ಕಲ್ಲೋ, ಮೆಟ್ಟಿಲೋ, ಮರವೋ? ಗೊತ್ತಿದ್ದವರು ಬರೆಯಿರಿ.