ಚುಚ್ಚಿದ ಮಗ್ಗುಲು ಕೆಳಗಿರಲಿ

ಶ್ವಾಸಕೋಶದಲ್ಲಿ ಗಂಟು ಕಂಡರೆ ಸಿಟಿ ಸ್ಕ್ಯಾನ್ ನೋಡಿಕೊಂಡು ಎದೆಯ ಹೊರಗಿನಿಂದಲೇ ಸೂಜಿ ಹಾಕಿ ಚೂರು ತೆಗೆಯುವುದು ಈಗ ರೂಢಿ. ಈ ಬಯಾಪ್ಸಿಯ ಸಾಮಾನ್ಯ ತೊಡಕು ನ್ಯುಮೊಥೊರಾಕ್ಸ್. ಸೂಜಿಯ ತೂತಿನಿಂದ ಗಾಳಿ ಸೋರಿ ಶ್ವಾಸಕೋಶಕ್ಕೂ ಎದೆಗೋಡೆಗೂ ನಡುವೆ ಸೇರಿಕೊಳ್ಳುತ್ತದೆ, ಶ್ವಾಸಕೋಶ ಕುಗ್ಗುತ್ತದೆ. ದಪ್ಪ ಸೂಜಿ ಬಳಸಿದಾಗ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಹೆಚ್ಚಿನವು ತಾವಾಗಿಯೇ ವಾಸಿಯಾಗುತ್ತವೆ. ಗಾಳಿ ಹೊರತೆಗೆಯಲು ಎದೆಗೆ ಟ್ಯೂಬ್ ಹಾಕುವಂಥ ಚಿಕಿತ್ಸೆ ಬೇಕಾಗುವುದು ನೂರರಲ್ಲಿ ಐದಾರು ಮಂದಿಗೆ. ಈ ಸಂಖ್ಯೆ ತಗ್ಗಿಸಲು ಖರ್ಚಿಲ್ಲದ ಒಂದು ಉಪಾಯವಿದೆ: ಚುಚ್ಚಿದ ಭಾಗ ಕೆಳಗೆ ಬರುವಂತೆ ಮಲಗಿಸುವುದು. ಅದು ಫಲ ಕೊಡುತ್ತದೆಯೇ ಎಂಬುದಕ್ಕೆ ನಾಲ್ಕು ದಶಕಗಳಲ್ಲಿ ಬಂದ ಉತ್ತರಗಳು ಒಂದಕ್ಕೊಂದು ತಾಳೆಯಾಗಿಲ್ಲ. ಸಂಶೋಧಕರು ಏನನ್ನು ಎಣಿಸಿದರು, ರೋಗಿಯನ್ನು ಎಷ್ಟು ಬೇಗ ಹೊರಳಿಸಿದರು ಎಂದು ನೋಡಿದರೆ ಗೊಂದಲ ಬಹುಮಟ್ಟಿಗೆ ತಿಳಿಯಾಗುತ್ತದೆ.

ಉಪಾಯದ ಬೇರು ಶರೀರಕ್ರಿಯಾಶಾಸ್ತ್ರದಲ್ಲಿದೆ. 1966ರಲ್ಲಿ ಮಾಂಟ್ರಿಯಲ್‌ನ ಮಿಲಿಕ್-ಎಮಿಲಿ ಮತ್ತು ಸಂಗಡಿಗರು ವಿಕಿರಣಶೀಲ ಕ್ಸೆನಾನ್ ಅನಿಲ ಬಳಸಿ, ಉಸಿರೆಳೆದ ಗಾಳಿ ಶ್ವಾಸಕೋಶದಲ್ಲಿ ಎಲ್ಲೆಡೆ ಸಮನಾಗಿ ಹಂಚಿಕೆಯಾಗುವುದಿಲ್ಲ ಎಂದು ತೋರಿಸಿದರು. ಶ್ವಾಸಕೋಶ ತನ್ನ ಭಾರಕ್ಕೇ ಕೆಳಗೆ ಒತ್ತಿಕೊಳ್ಳುತ್ತದೆ. ನಿಂತಿರುವವರಲ್ಲಿ ಸುತ್ತಲಿನ ಒತ್ತಡ ತುದಿಯಲ್ಲಿ ಸುಮಾರು ಮೈನಸ್ 10 ಸೆಂ.ಮೀ. ನೀರಿನಷ್ಟಿದ್ದರೆ ಬುಡದಲ್ಲಿ ಮೈನಸ್ 2.5ರ ಆಸುಪಾಸು. ಹಾಗಾಗಿ ಕೆಳಭಾಗದ ಗಾಳಿಚೀಲಗಳು ಚಿಕ್ಕವಾಗಿರುತ್ತವೆ, ಅಲ್ಲಿ ಗಾಳಿಯನ್ನು ಹೊರಕ್ಕೆ ಸೆಳೆಯುವ ಬಲವೂ ಕಡಿಮೆ. ಮಲಗಿದಾಗ ಯಾವ ಮಗ್ಗುಲು ಅಡಿಗಿರುತ್ತದೋ ಅದಕ್ಕೆ ಇದೇ ನಿಯಮ.

1982ರಲ್ಲಿ ಜಿಡುಲ್ಕಾ ಮತ್ತಿತರರು ಇದನ್ನು ನಾಯಿಗಳಲ್ಲಿ ಪರೀಕ್ಷಿಸಿದರು. ತೂತು ಕೆಳಗಿದ್ದರೆ ನ್ಯುಮೊಥೊರಾಕ್ಸ್ ಬೆಳೆಯುವುದು ನಿಲ್ಲಬಹುದು ಎಂದು ಕಂಡಿತು. 1990ರ ಹೊತ್ತಿಗೆ ಮೂರ್ ತಂಡ ಈ ಎಚ್ಚರಿಕೆಯನ್ನು ಬಯಾಪ್ಸಿ ಕೋಣೆಗೆ ತಂದಿತು. ಟ್ಯೂಬ್ ಬೇಕಾಗುವವರು ಕಡಿಮೆಯಾದರೆಂದು ವರದಿ ಮಾಡಿತು. 1999ರಲ್ಲಿ ಕಾಲಿಂಗ್ಸ್ ತಂಡ ಹೋಲಿಸಿ ನೋಡಿದಾಗ ಮಾತ್ರ ಮಗ್ಗುಲಿನಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ಈ ಭಿನ್ನತೆಗೆ ಒಂದು ಕಾರಣ ಏನನ್ನು ಎಣಿಸಿದರು ಎಂಬುದು. ಸೂಜಿ ಇನ್ನೂ ಒಳಗಿರುವಾಗಲೇ ಸೋರಿದ ಗಾಳಿಯನ್ನು ಆಮೇಲಿನ ಮಗ್ಗುಲು ತಡೆಯಲಾರದು. ಸ್ಕ್ಯಾನ್‌ನಲ್ಲಿ ಕಾಣುವ ಗೆರೆಯಷ್ಟು ಗಾಳಿಯನ್ನೂ ಲೆಕ್ಕಕ್ಕೆ ಹಿಡಿದರೆ ಉಪಾಯ ಸೋತಂತೆ ಕಾಣುತ್ತದೆ. ಇನ್ನೊಂದು ಪ್ರಶ್ನೆ: ಸೂಜಿ ತೆಗೆದ ಕ್ಷಣದಿಂದ ರೋಗಿಯನ್ನು ಹೊರಳಿಸುವವರೆಗೆ ಎಷ್ಟು ಹೊತ್ತು ಕಳೆಯಿತು?

2012ರಲ್ಲಿ ಓನೀಲ್ ತಂಡ ಹಿಡಿದದ್ದು ಇದನ್ನೇ. ಬೆನ್ನ ಕಡೆಯಿಂದ ಚುಚ್ಚಲು ರೋಗಿಯನ್ನು ಬೋರಲು ಮಲಗಿಸಿದ್ದಾರೆಂದುಕೊಳ್ಳಿ. ಟ್ರಾಲಿ ಮೇಜಿಗೆ ತಾಗಿ ನಿಂತಿರುತ್ತದೆ. ಸೂಜಿ ಹೊರಬಂದ ಕೂಡಲೇ ಸಿಬ್ಬಂದಿ ಅವರನ್ನು ಅಂಗಾತ ಹೊರಳಿಸುತ್ತಾರೆ. ಆ ತಂಡ ಇದಕ್ಕೆ ತೆಗೆದುಕೊಂಡದ್ದು ಸರಾಸರಿ 10 ಸೆಕೆಂಡಿಗೂ ಕಡಿಮೆ. ನ್ಯುಮೊಥೊರಾಕ್ಸ್ ಶೇ. 37ರಿಂದ 23ಕ್ಕೆ ಇಳಿಯಿತು. ಗಾಳಿ ತೆಗೆಯಬೇಕಾದ ಪ್ರಮಾಣ ಶೇ. 15ರಿಂದ 4ಕ್ಕೆ ಬಂತು.

ಮುಂದಿನ ಹೆಜ್ಜೆ ಸಹಜವೇ ಆಗಿತ್ತು: ಆಮೇಲೆ ಹೊರಳಿಸುವುದೇಕೆ, ಮೊದಲೇ ಆ ಮಗ್ಗುಲಿಗೆ ಮಲಗಿಸಬಾರದೇಕೆ? ಅದಕ್ಕೂ ಮೊದಲೇ, 2006ರಲ್ಲಿ, ಕಿನೊಶಿತಾ ತಂಡ ಚುಚ್ಚುವ ಭಾಗ ಕೆಳಗಿರುವಂತೆ ಬಯಾಪ್ಸಿ ಮಾಡುವ ವಿಧಾನ ವಿವರಿಸಿತ್ತು. 2019ರಲ್ಲಿ ಡ್ರಮ್ ತಂಡ ಆ ಭಂಗಿಯಿಂದ ತೊಡಕು ಕಡಿಮೆಯಾಯಿತೆಂದು ವರದಿ ಮಾಡಿತು. ಸೂಜಿಯ ದಾರಿಯನ್ನು ರೋಗಿಯದೇ ರಕ್ತದಿಂದ ಮುಚ್ಚುವ ಕ್ರಮವೂ ಜೊತೆಜೊತೆಗೆ ಬೆಳೆದಿದೆ.

ಮಗ್ಗುಲಿಗೂ ಮಿತಿಯಿದೆ. ಎಂಫಿಸಿಮಾ (ಗಾಳಿಚೀಲಗಳು ಹಾಳಾಗುವ ಕಾಯಿಲೆ) ಇದ್ದವರಲ್ಲಿ, ಆಳದ ಗಂಟುಗಳಲ್ಲಿ, ಸೂಜಿ ಹಲವು ಸಲ ಒಳಹೊಕ್ಕಾಗ ಸೋರಿಕೆ ಹೆಚ್ಚು. ಆಗಲೇ ಗಾಳಿ ತುಂಬಿ ಏದುಸಿರು ಬಿಡುತ್ತಿರುವವರಿಗೆ ಹೊರಳಿಸುವುದು ಚಿಕಿತ್ಸೆಯಲ್ಲ. ಅವರಿಗೆ ಗಾಳಿ ಹೊರತೆಗೆಯಲೇಬೇಕು. ಸೂಜಿ ತೆಗೆದ ತಕ್ಷಣ ಹೊರಳಿಸಿ, ಟ್ಯೂಬ್ ಬೇಕಾದವರನ್ನು ಎಣಿಸಿದರೆ ಮಾತ್ರ ಈ ಉಪಾಯದ ನಿಜವಾದ ಬೆಲೆ ತಿಳಿಯುತ್ತದೆ. ಬಯಾಪ್ಸಿ ಬಳಿಕ ಮಗ್ಗುಲು ಬದಲಿಸಬೇಡಿ, ಕೆಮ್ಮಬೇಡಿ, ಏಳಬೇಡಿ ಎಂದು ನರ್ಸ್ ಗದರಿದರೆ ಅದಕ್ಕೆ ಕಾರಣವಿದೆ. ಉಸಿರು ಕಟ್ಟಿದಂತಾದರೆ ಮಾತ್ರ ಸುಮ್ಮನೆ ಮಲಗಿರದೆ ಕೂಡಲೇ ಅವರನ್ನು ಕರೆಯಿರಿ.