ಬೆಂಗಳೂರು ಎಫ್‌ಸಿ ದಾಖಲೆಗಳು: ಎರಡು ಲೀಗು, ಒಂದು ಲೆಕ್ಕ

ಬೆಂಗಳೂರು ಫುಟ್‌ಬಾಲ್ ಕ್ಲಬ್ ಸ್ಥಾಪನೆಯಾದದ್ದು 2013ರ ಜುಲೈನಲ್ಲಿ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ನಡೆಸುವ ಜೆಎಸ್‌ಡಬ್ಲ್ಯು ಸಮೂಹ ಇದರ ಒಡೆತನ ಹೊಂದಿದೆ. ಕ್ಲಬ್ಬು ಮೊದಲ ನಾಲ್ಕು ಋತುಗಳನ್ನು ಐ-ಲೀಗ್‌ನಲ್ಲಿ ಆಡಿತು. 2017–18ರಿಂದ ಅದು ಇಂಡಿಯನ್ ಸೂಪರ್ ಲೀಗ್‌ನಲ್ಲಿದೆ (ಐಎಸ್‌ಎಲ್). ಎರಡೂ ಲೀಗುಗಳು ತಮ್ಮ ತಮ್ಮ ದಾಖಲೆಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಂಡಿರುವುದರಿಂದ, 2024–25ರವರೆಗಿನ ಹನ್ನೆರಡು ಋತುಗಳ ಸಾಧನೆಯನ್ನು ಒಟ್ಟಾಗಿ ನೋಡುವವರು ಕಡಿಮೆ.

ಒಟ್ಟಾಗಿ ನೋಡುವುದಕ್ಕೆ ಅಡ್ಡಿಯೂ ಇದೆ. ಲೀಗಿನಲ್ಲಿ ಆಡುವ ತಂಡಗಳ ಸಂಖ್ಯೆ ಬದಲಾದಂತೆ ಪಂದ್ಯಗಳ ಸಂಖ್ಯೆಯೂ ಬದಲಾಗಿದೆ. 2013–14ರಲ್ಲಿ 24 ಪಂದ್ಯಗಳಿದ್ದವು, 2015–16ರಲ್ಲಿ ಕೇವಲ 16. ಹೀಗಿರುವಾಗ ಒಂದು ಋತುವಿನ 47 ಅಂಕಗಳನ್ನು ಇನ್ನೊಂದರ 32 ಅಂಕಗಳ ಪಕ್ಕದಲ್ಲಿಟ್ಟು ಹೋಲಿಸಿದರೆ ತಪ್ಪು ತೀರ್ಮಾನಕ್ಕೆ ಬರಬೇಕಾಗುತ್ತದೆ. ಪಂದ್ಯವೊಂದಕ್ಕೆ ಸಿಕ್ಕ ಸರಾಸರಿ ಅಂಕವೇ ಇಲ್ಲಿ ನಂಬಬಹುದಾದ ಅಳತೆ. ಆ ಅಳತೆಯಲ್ಲಿ 47 ಅಂಕಗಳ ಮೊದಲ ಋತುವಿನ ಸರಾಸರಿ 1.96 ಆದರೆ, 32 ಅಂಕಗಳ ಮೂರನೆಯ ಋತುವಿನದು ಸರಿಯಾಗಿ 2. ಎರಡೂ ವರ್ಷ ಕ್ಲಬ್ಬು ಚಾಂಪಿಯನ್ ಆಯಿತು. ನಡುವಿನ 2014–15ರಲ್ಲಿ 20 ಪಂದ್ಯಗಳಿಂದ 37 ಅಂಕ ಬಂದವು. ಕೊನೆಯ ದಿನ ಕಂಠೀರವ ಕ್ರೀಡಾಂಗಣದಲ್ಲಿ ಮೋಹನ್ ಬಾಗನ್ ಕೊನೆಯ ನಿಮಿಷಗಳಲ್ಲಿ ಗೋಲು ಹೊಡೆದು 1–1 ಡ್ರಾ ಮಾಡಿಕೊಂಡು, ಎರಡೇ ಅಂಕಗಳ ಅಂತರದಲ್ಲಿ ಪ್ರಶಸ್ತಿ ಒಯ್ದಿತು. ಕೋಚ್ ಆ್ಯಶ್ಲಿ ವೆಸ್ಟ್‌ವುಡ್ ಅವರ ಈ ಮೂರು ಋತುಗಳ ಒಟ್ಟು ಲೆಕ್ಕ 60 ಲೀಗ್ ಪಂದ್ಯ, 116 ಅಂಕ. ಮುಂದಿನ ವರ್ಷ 18 ಪಂದ್ಯಗಳಿಂದ 30 ಅಂಕ ಗಳಿಸಿ ತಂಡ ನಾಲ್ಕನೆಯ ಸ್ಥಾನಕ್ಕೆ ಇಳಿಯಿತು.

ಐಎಸ್‌ಎಲ್‌ನ ಎಂಟು ಋತುಗಳಲ್ಲಿ ಏರಿಳಿತ ಇನ್ನೂ ತೀವ್ರ. 2017–18ರಲ್ಲಿ 18 ಪಂದ್ಯಗಳಲ್ಲಿ 13 ಗೆಲುವು, 40 ಅಂಕ, ಸರಾಸರಿ 2.22. ಕ್ಲಬ್ಬಿನ ಇತಿಹಾಸದಲ್ಲಿ ಇದಕ್ಕಿಂತ ಉತ್ತಮವಾದ ಲೀಗ್ ಸಾಧನೆ ಇಲ್ಲ. ಆದರೂ ಆ ವರ್ಷದ ಐಎಸ್‌ಎಲ್ ಪ್ರಶಸ್ತಿ ಪಟ್ಟಿಯಲ್ಲಿ ಬೆಂಗಳೂರಿನ ಹೆಸರಿಲ್ಲ. ಅಂಕಪಟ್ಟಿಯಲ್ಲಿ ಮೊದಲಿಗರಾದವರಿಗೆ ಶೀಲ್ಡ್ ಕೊಡುವ ಪದ್ಧತಿ ಶುರುವಾದದ್ದು 2019–20ರಲ್ಲಿ. ಅದಕ್ಕೂ ಮೊದಲು ಫೈನಲ್ ಗೆದ್ದವರೇ ಚಾಂಪಿಯನ್. 2018ರ ಮಾರ್ಚ್ 17ರಂದು ಸ್ವಂತ ಅಂಗಳದಲ್ಲೇ ನಡೆದ ಆ ಫೈನಲ್‌ನಲ್ಲಿ ಚೆನ್ನೈಯಿನ್ ಎಫ್‌ಸಿ 3–2ರಿಂದ ಗೆದ್ದಿತು. ಸರಿಯಾಗಿ ಒಂದು ವರ್ಷದ ನಂತರ, 2019ರ ಮಾರ್ಚ್ 17ರಂದು ಮುಂಬೈಯಲ್ಲಿ, ರಾಹುಲ್ ಭೇಕೆ 117ನೆಯ ನಿಮಿಷದಲ್ಲಿ ತಲೆಯಿಂದ ಹೊಡೆದ ಗೋಲು ಎಫ್‌ಸಿ ಗೋವಾವನ್ನು ಮಣಿಸಿ ಕ್ಲಬ್ಬಿಗೆ ಅದರ ಏಕೈಕ ಐಎಸ್‌ಎಲ್ ಪ್ರಶಸ್ತಿ ತಂದಿತು. ಆ ಋತುವಿನಲ್ಲಿ ಲೀಗ್ ಹಂತದ ಗಳಿಕೆ 34 ಅಂಕ, ಅಂದರೆ ಹಿಂದಿನ ವರ್ಷಕ್ಕಿಂತ ಆರು ಕಡಿಮೆ. ಪ್ರಶಸ್ತಿ ಪಟ್ಟಿಯನ್ನಷ್ಟೇ ನೋಡುವ ಓದುಗ 2018–19ನ್ನು ಕ್ಲಬ್ಬಿನ ಶ್ರೇಷ್ಠ ಐಎಸ್‌ಎಲ್ ಋತು ಎಂದು ಎಣಿಸುವುದು ಸಹಜ. ಅಂಕಿಗಳು ಅದನ್ನು ಒಪ್ಪುವುದಿಲ್ಲ.

ಉಳಿದ ಋತುಗಳಲ್ಲಿ 2019–20ರ 30 ಅಂಕ ತಂಡವನ್ನು ಮೂರನೆಯ ಸ್ಥಾನದಲ್ಲಿ ನಿಲ್ಲಿಸಿತು. 2023–24ರಲ್ಲಿ 22 ಪಂದ್ಯಗಳಿಂದ 22 ಅಂಕವಷ್ಟೇ ಬಂದು ತಂಡ ಹತ್ತನೆಯ ಸ್ಥಾನಕ್ಕೆ ಕುಸಿಯಿತು. ಮರುವರ್ಷವೇ 24 ಪಂದ್ಯಗಳಿಂದ 38 ಅಂಕ ಗಳಿಸಿ ಮತ್ತೆ ಮೂರನೆಯ ಸ್ಥಾನಕ್ಕೆ ಏರಿ, 2025ರ ಏಪ್ರಿಲ್ 12ರಂದು ಕೋಲ್ಕತ್ತಾದಲ್ಲಿ ಫೈನಲ್ ಆಡಿ, ಹೆಚ್ಚುವರಿ ಅವಧಿಯಲ್ಲಿ ಮೋಹನ್ ಬಾಗನ್‌ಗೆ 1–2ರಿಂದ ಸೋತಿತು. ಎರಡೂ ಲೀಗುಗಳ ಮೊತ್ತ ಹೀಗಿದೆ: ಐ-ಲೀಗ್‌ನಲ್ಲಿ 78 ಪಂದ್ಯಗಳಿಂದ 146 ಅಂಕ, ಸರಾಸರಿ 1.87, ಐಎಸ್‌ಎಲ್‌ನ ಲೀಗ್ ಹಂತದಲ್ಲಿ 160 ಪಂದ್ಯಗಳಿಂದ 249 ಅಂಕ, ಸರಾಸರಿ 1.56.

ಗೆದ್ದ ಟ್ರೋಫಿಗಳು ಒಟ್ಟು ಏಳು. ಎರಡು ಐ-ಲೀಗ್ ಹಾಗೂ ಒಂದು ಐಎಸ್‌ಎಲ್ ಅಲ್ಲದೆ ಫೆಡರೇಷನ್ ಕಪ್ ಎರಡು ಬಾರಿ (2015, 2017), ಸೂಪರ್ ಕಪ್ 2018ರಲ್ಲಿ, ಡುರಾಂಡ್ ಕಪ್ 2022ರಲ್ಲಿ ಬಂದವು. ಸೋತ ಫೈನಲ್‌ಗಳಲ್ಲಿ ಹೆಚ್ಚು ತೂಕದ್ದು 2016ರ ಎಎಫ್‌ಸಿ ಕಪ್. ಹಾಲಿ ಚಾಂಪಿಯನ್ ಆಗಿದ್ದ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ ತಂಡವನ್ನು ಸೆಮಿಫೈನಲ್‌ನಲ್ಲಿ ಮಣಿಸಿ, ಈ ಟೂರ್ನಿಯ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡದ ಎದುರು 0–1ರಿಂದ ಸೋತಿತು. ಕ್ಲಬ್ಬಿನ ಅತಿ ದೊಡ್ಡ ಗೆಲುವೂ ಇದೇ ಟೂರ್ನಿಯದು: 2020ರ ಫೆಬ್ರುವರಿಯಲ್ಲಿ ಕಂಠೀರವದಲ್ಲಿ ಭೂತಾನಿನ ಪಾರೊ ಎಫ್‌ಸಿ ಮೇಲೆ 9–1. ಎದುರಾಳಿಯ ಬಲವನ್ನು ನೋಡಿದರೆ ಈ ದಾಖಲೆಗೆ ಹೆಚ್ಚು ಮಹತ್ವ ಕೊಡಬೇಕಾಗಿಲ್ಲ.

ದಾಖಲೆ ಬರೆಯುವವರಿಗೆ ಅತಿ ಹೆಚ್ಚು ತಲೆನೋವು ತಂದದ್ದು 2023ರ ಮಾರ್ಚ್ ತಿಂಗಳು. ಮೂರರಂದು ಕೇರಳ ಬ್ಲಾಸ್ಟರ್ಸ್ ಎದುರಿನ ಪ್ಲೇಆಫ್‌ನಲ್ಲಿ, ಹೆಚ್ಚುವರಿ ಅವಧಿಯ 96ನೆಯ ನಿಮಿಷ, ಎದುರಾಳಿಗಳು ಗೋಡೆ ಕಟ್ಟಿ ನಿಲ್ಲುವ ಮೊದಲೇ ಬೆಂಗಳೂರಿನ ಸುನಿಲ್ ಚೆಟ್ರಿ ಫ್ರೀಕಿಕ್ ಹೊಡೆದು ಗೋಲು ಗಳಿಸಿದರು. ಕೇರಳ ತಂಡ ಅಂಗಳ ಬಿಟ್ಟು ಹೊರನಡೆಯಿತು. ಆಟ ಮುಗಿಯದಿದ್ದರೂ ದಾಖಲೆಯಲ್ಲಿ ಅದು ಬೆಂಗಳೂರಿನ 1–0 ಗೆಲುವು. ಮುಂಬೈ ಸಿಟಿ ಎದುರಿನ ಎರಡನೆಯ ಸೆಮಿಫೈನಲ್ ಪಂದ್ಯ ದಾಖಲೆಯಲ್ಲಿ 1–2 ಸೋಲು. ಆದರೆ ಮೊದಲ ಪಂದ್ಯ ಗೆದ್ದಿದ್ದರಿಂದ ಒಟ್ಟು ಗೋಲು ಸಮವಾಗಿ, ಪೆನಾಲ್ಟಿ ಶೂಟೌಟ್‌ನಲ್ಲಿ 9–8ರಿಂದ ಗೆದ್ದು ಫೈನಲ್‌ಗೆ ಹೋದದ್ದು ಬೆಂಗಳೂರೇ. ಎಟಿಕೆ ಮೋಹನ್ ಬಾಗನ್ ಎದುರಿನ ಫೈನಲ್ ದಾಖಲೆಯಲ್ಲಿ 2–2 ಡ್ರಾ. ಟ್ರೋಫಿ ಹೋದದ್ದು ಶೂಟೌಟ್‌ನಲ್ಲಿ. ಗೆಲುವು-ಸೋಲು-ಡ್ರಾಗಳ ಮೂರು ಅಂಕಣಗಳನ್ನಷ್ಟೇ ಇಟ್ಟುಕೊಂಡ ಕೋಷ್ಟಕ ಈ ತಿಂಗಳನ್ನು ತಲೆಕೆಳಗಾಗಿ ತೋರಿಸುತ್ತದೆ.

ವೈಯಕ್ತಿಕ ದಾಖಲೆಗಳಲ್ಲಿ ಚೆಟ್ರಿ ಅವರದೇ ಮೇಲುಗೈ. ಕ್ಲಬ್ಬಿಗಾಗಿ ಅತಿ ಹೆಚ್ಚು ಪಂದ್ಯ ಆಡಿದವರೂ ಅತಿ ಹೆಚ್ಚು ಗೋಲು ಹೊಡೆದವರೂ ಅವರೇ. 2024ರ ಸೆಪ್ಟೆಂಬರ್‌ನಲ್ಲಿ ತಮ್ಮ 64ನೆಯ ಗೋಲಿನೊಂದಿಗೆ ಐಎಸ್‌ಎಲ್‌ನ ಸಾರ್ವಕಾಲಿಕ ಅಗ್ರ ಸ್ಕೋರರ್ ಆದರು. ಈ ಸಂಖ್ಯೆಯನ್ನು ಇಡಿಯಾಗಿ ಬೆಂಗಳೂರಿನ ಲೆಕ್ಕಕ್ಕೆ ಸೇರಿಸುವಂತಿಲ್ಲ: 2015ರಲ್ಲಿ ಎರವಲು ಆಟಗಾರನಾಗಿ ಮುಂಬೈ ಸಿಟಿ ಪರ ಹೊಡೆದ ಏಳು ಗೋಲುಗಳು ಅದರಲ್ಲಿ ಸೇರಿವೆ. 2024ರ ಡಿಸೆಂಬರ್ 7ರಂದು ಕೇರಳ ಬ್ಲಾಸ್ಟರ್ಸ್ ವಿರುದ್ಧ ಹ್ಯಾಟ್ರಿಕ್ ಹೊಡೆದಾಗ ಅವರಿಗೆ 40 ವರ್ಷ 126 ದಿನ. ಲೀಗಿನಲ್ಲಿ ಆ ವಯಸ್ಸಿನಲ್ಲಿ ಮೂರು ಗೋಲು ಹೊಡೆದವರು ಅದಕ್ಕೂ ಮೊದಲು ಯಾರೂ ಇರಲಿಲ್ಲ. 2017ರಲ್ಲಿ ಬಂದ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು 2018–19 ಮತ್ತು 2019–20ರಲ್ಲಿ ಐಎಸ್‌ಎಲ್‌ನ ಗೋಲ್ಡನ್ ಗ್ಲೌ ಪಡೆದರು.

ಅಂಗಳಗಳ ಲೆಕ್ಕದಲ್ಲಿ ಹುಬ್ಬಳ್ಳಿ-ಧಾರವಾಡದ ಓದುಗರು ಗಮನಿಸಬೇಕಾದ ಸಂಗತಿ ಒಂದಿದೆ. ಮಡಗಾಂವಿನ ಫತೋರ್ಡಾ ಕ್ರೀಡಾಂಗಣ ಹುಬ್ಬಳ್ಳಿಗೆ ಬೆಂಗಳೂರಿಗಿಂತ ಅರ್ಧದಷ್ಟೂ ದೂರವಿಲ್ಲ. ಕ್ಲಬ್ಬಿನ ಮೊದಲ ಎರಡು ಟ್ರೋಫಿಗಳು ನಿರ್ಧಾರವಾದದ್ದು ಅಲ್ಲಿಯೇ. 2014ರ ಏಪ್ರಿಲ್‌ನಲ್ಲಿ ಡೆಂಪೊ ತಂಡವನ್ನು 4–2ರಿಂದ ಸೋಲಿಸಿ ಐ-ಲೀಗ್ ಖಚಿತಪಡಿಸಿಕೊಂಡಿತು. 2015ರ ಜನವರಿಯಲ್ಲಿ ಅದೇ ಡೆಂಪೊ ಎದುರು 2–1ರಿಂದ ಫೆಡರೇಷನ್ ಕಪ್ ಗೆದ್ದಿತು. 2023ರ ಶೂಟೌಟ್ ಸೋಲೂ ಫತೋರ್ಡಾದಲ್ಲೇ.

ಕೋವಿಡ್ ಕಾಲದ 2020–21, 2021–22ರ ಋತುಗಳು ಪೂರ್ತಿಯಾಗಿ ಗೋವಾದಲ್ಲೇ ನಡೆದವು. ಆ 40 ಲೀಗ್ ಪಂದ್ಯಗಳಲ್ಲಿ ತಂಡ ಗಳಿಸಿದ್ದು 51 ಅಂಕ, ಸರಾಸರಿ 1.28. ಅವುಗಳಲ್ಲಿ ಅರ್ಧವನ್ನು ಪಟ್ಟಿಗಳು ಇಂದಿಗೂ ‘ತವರು ಪಂದ್ಯ’ ಎಂದೇ ತೋರಿಸುತ್ತವೆ. ಪ್ರೇಕ್ಷಕರಿಲ್ಲದೆ ಬೇರೆ ರಾಜ್ಯದಲ್ಲಿ ಆಡಿದ ಪಂದ್ಯಗಳನ್ನು ಕಂಠೀರವದ ಪಂದ್ಯಗಳೊಂದಿಗೆ ಕೂಡಿಸಿದ ತವರು ದಾಖಲೆಯನ್ನು ಯಾವ ಹೋಲಿಕೆಗೂ ಬಳಸಬಾರದು. ಈ ಎರಡು ಋತುಗಳನ್ನು ಪ್ರತ್ಯೇಕ ಸಾಲಿನಲ್ಲೇ ಬರೆಯಬೇಕು.