ಹೀಟ್ ಪಂಪ್

ಹೊರಗಿನ ಗಾಳಿ, ನೆಲ ಅಥವಾ ನೀರಿನಲ್ಲಿರುವ ಶಾಖವನ್ನು ಹೀರಿ ಮನೆಯೊಳಕ್ಕೆ ಸಾಗಿಸುವ ಯಂತ್ರಕ್ಕೆ ಹೀಟ್ ಪಂಪ್ ಎಂದು ಹೆಸರು. ಕನ್ನಡದಲ್ಲಿ ಶಾಖ ಪಂಪು ಎಂದೂ ಬರೆಯಬಹುದು. ಪಂಪು ಎಂಬ ಮಾತು ಇಲ್ಲಿ ಬಹಳ ಚೆನ್ನಾಗಿ ಒಪ್ಪುತ್ತದೆ. ನೀರು ತಾನಾಗಿ ತಗ್ಗಿಗೆ ಹರಿಯುತ್ತದೆ, ಬಾವಿಯಿಂದ ಮೇಲೆತ್ತಲು ಪಂಪು ಬೇಕು. ಶಾಖವೂ ಬಿಸಿಯಿಂದ ತಂಪಿನತ್ತ ತಾನಾಗಿ ಸಾಗುತ್ತದೆ. ಅದನ್ನು ಎದುರು ದಿಕ್ಕಿಗೆ ತಿರುಗಿಸಲು ಕಂಪ್ರೆಸರ್ ದುಡಿಯಬೇಕು. ಶಾಖವನ್ನು ಹುಟ್ಟಿಸದೆ ಸಾಗಿಸುವುದರಿಂದಲೇ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್‌ನಷ್ಟು ಶಾಖ ಸಿಗುತ್ತದೆ. ಗೀಸರಿನ ಕಾಯಿಲ್ ಒಂದಕ್ಕೆ ಒಂದನ್ನಷ್ಟೇ ಕೊಡಬಲ್ಲದು.

ಈ ತತ್ತ್ವವನ್ನು 1852ರಲ್ಲಿ ವಿವರಿಸಿದವರು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಜ್ಞಾನಿ. ಜರ್ಮನ್, ಫ್ರೆಂಚ್, ನಾರ್ವೇಜಿಯನ್ ಭಾಷೆಗಳಲ್ಲೂ ಹೆಸರು ಇದೇ ಎರಡು ಪದಗಳ ಜೋಡಣೆ. ಕೊರೆಯುವ ಚಳಿಯ ನಾರ್ವೆಯಲ್ಲಿ ಇದು ಮನೆಮಾತು. ಜರ್ಮನಿಯಲ್ಲಿ 2023ರ ಕಟ್ಟಡ ಕಾಯಿಸುವಿಕೆಯ ಕಾನೂನಿನ ಜಗಳದಲ್ಲಿ ಹೀಟ್ ಪಂಪಿನ ಜರ್ಮನ್ ಹೆಸರಾದ ‘ವೆರ್ಮೆಪುಂಪೆ’ ರಾಜಕೀಯದ ಪದವೂ ಆಯಿತು.

ಕೋಣೆ ಕಾಯಿಸುವ ಅಗತ್ಯ ಅಷ್ಟಿಲ್ಲದ ಕರ್ನಾಟಕದಲ್ಲಿ ಪದದ ಬಳಕೆ ಬೇರೆ: ಹೋಟೆಲು, ಹಾಸ್ಟೆಲುಗಳಲ್ಲಿ ಸ್ನಾನದ ನೀರು ಕಾಯಿಸುವ ಯಂತ್ರ. ಫ್ರಿಜ್ಜು, ಎಸಿಗಳೂ ಇದೇ ಕುಲದವು. ಶಾಖ ಸಾಗುವ ದಿಕ್ಕಷ್ಟೇ ಬೇರೆ.